ಒಳಹರಿವು, ಹೊರಹರಿವು: ಗ್ಯಾಲಕ್ಸಿಗಳು ಹುಟ್ಟಿ ಬೆಳೆದ ಕಥೆ

ನಿಮ್ಮಲ್ಲಿ ಎಷ್ಟು ಜನ ಆಕಾಶಗಂಗೆಯನ್ನು ಕಣ್ಣಾರೆ ನೋಡಿದ್ದೀರಿ? ಕೈ ಎತ್ತಿ ನೋಡೋಣ. ಎತ್ತಿದವರಲ್ಲಿ ಜಾಸ್ತಿ ಜನ ಹಳ್ಳಿ ಕಡೆ ಬೆಳೆದವರೇ ಇರಬೇಕು. ಬೆಂಗಳೂರಿನ ಆಕಾಶದಲ್ಲಿ ಅದು ಕಾಣುವುದಿಲ್ಲ. ಬೀದಿದೀಪದ ಬೆಳಕು ಅದನ್ನು ನುಂಗಿಬಿಟ್ಟಿದೆ. ನೋಡದವರಿಗೆ ಒಂದು ದಾರಿ ಹೇಳುತ್ತೇನೆ. ಮಾರ್ಚ್ ತಿಂಗಳಲ್ಲಿ, ಅಮಾವಾಸ್ಯೆಯ ಆಸುಪಾಸು, ಬೆಳಗಿನ ಜಾವ ನಾಲ್ಕು ಗಂಟೆಗೆ, ಊರಿನ ದೀಪಗಳಿಂದ ದೂರ ಒಂದು ಹೊಲದಲ್ಲಿ ನಿಂತು ದಕ್ಷಿಣಕ್ಕೆ ತಿರುಗಿ. ವೃಶ್ಚಿಕದ ಬಾಲದ ಹತ್ತಿರ ಮಂಕು ಬಿಳಿ ಪಟ್ಟಿಯೊಂದು ಮೇಲೆದ್ದಿರುತ್ತದೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷ ಬೇಕು. ಅಲ್ಲಿಯವರೆಗೆ ಫೋನ್ ತೆಗೆಯಬೇಡಿ.

ಆ ಬಿಳಿ ಪಟ್ಟಿಯ ಮಧ್ಯೆ ಕಪ್ಪು ಕಲೆಗಳು ಕಾಣುತ್ತವೆ. ಯಾರೋ ಮಸಿ ಬಳಿದ ಹಾಗೆ. ಅಲ್ಲಿ ನಕ್ಷತ್ರಗಳೇ ಇಲ್ಲವೇನೋ ಅನ್ನಿಸುತ್ತದೆ, ಅಲ್ವಾ? ನಕ್ಷತ್ರಗಳಿವೆ. ಅವುಗಳ ಮುಂದೆ ಅನಿಲ ಮತ್ತು ದೂಳಿನ ಮೋಡ ಅಡ್ಡ ನಿಂತಿದೆ. ಹೊಸ ನಕ್ಷತ್ರಗಳು ಹುಟ್ಟುವುದು ಇಂಥ ಮೋಡಗಳ ಒಳಗೇ. ಕೋಟ್ಯಂತರ ನಕ್ಷತ್ರ, ಅನಿಲ, ದೂಳು ಗುರುತ್ವದಿಂದ ಒಟ್ಟಿಗೆ ಇರುವ ಗುಂಪಿಗೆ ಗ್ಯಾಲಕ್ಸಿ ಅನ್ನುತ್ತೇವೆ. ಆಕಾಶಗಂಗೆ ನಾವಿರುವ ಗ್ಯಾಲಕ್ಸಿ. ಗ್ಯಾಲಕ್ಸಿ ಅಂದ ಕೂಡಲೇ ಎಲ್ಲರೂ ನಕ್ಷತ್ರಗಳ ಬಗ್ಗೆ ಮಾತಾಡುತ್ತಾರೆ. ನಾನು ಇವತ್ತು ಹೆಚ್ಚಾಗಿ ಈ ಕಪ್ಪು ಕಲೆಗಳ ಬಗ್ಗೆ, ಅಂದರೆ ಅನಿಲದ ಬಗ್ಗೆ ಮಾತಾಡುತ್ತೇನೆ.

ಮಳೆಗಾಲ ಶುರುವಾದರೆ ನಮ್ಮ ಪೇಪರ್‌ಗಳಲ್ಲಿ ದಿನವೂ ಒಂದು ಪುಟ್ಟ ಪಟ್ಟಿ ಬರುತ್ತದೆ. ಕೆಆರ್‌ಎಸ್, ಆಲಮಟ್ಟಿ, ಲಿಂಗನಮಕ್ಕಿ. ಇವತ್ತಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ರೈತರು ಬೆಳಿಗ್ಗೆ ಎದ್ದು ಮೊದಲು ಅದನ್ನೇ ನೋಡುತ್ತಾರೆ. ಆ ಮೂರು ಅಂಕಿ ಗೊತ್ತಿದ್ದರೆ ಈ ವರ್ಷ ಬೆಳೆಗೆ ನೀರು ಸಿಗುತ್ತದೋ ಇಲ್ಲವೋ ಹೇಳಬಹುದು. ಗ್ಯಾಲಕ್ಸಿಯ ಲೆಕ್ಕವೂ ಹಾಗೇ ನಡೆಯುತ್ತದೆ. ಎಷ್ಟು ಅನಿಲ ಒಳಗೆ ಬರುತ್ತಿದೆ, ಎಷ್ಟು ಹೊರಗೆ ಹೋಗುತ್ತಿದೆ, ಈಗ ಎಷ್ಟು ಉಳಿದಿದೆ. ಇಷ್ಟು ಹೇಳಿದರೆ ಆ ಗ್ಯಾಲಕ್ಸಿಗೆ ಇನ್ನೂ ಮುಂದಿನ ದಿನಗಳಿವೆಯೋ ಇಲ್ಲವೋ ಹೇಳಬಹುದು. ಈ ಕೆರೆಯ ಲೆಕ್ಕವನ್ನು ಮಾತು ಮುಗಿಯುವವರೆಗೂ ಇಟ್ಟುಕೊಳ್ಳೋಣ.

ಮೊದಲು ಒಂದು ಅನುಮಾನ ಬಗೆಹರಿಸಬೇಕು. ಗ್ಯಾಲಕ್ಸಿ ಬೆಳೆಯಲು ನೂರಾರು ಕೋಟಿ ವರ್ಷ ಬೇಕು. ನಮ್ಮ ಆಯಸ್ಸು ನೂರು ದಾಟುವುದೇ ಕಷ್ಟ. ಹಾಗಿದ್ದರೆ ಅದು ಬೆಳೆಯುವುದನ್ನು ನೋಡುವುದು ಹೇಗೆ?

ಬೆಳಕು ನಿಧಾನ. ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡಿದರೂ ಈ ವಿಶ್ವದ ಅಳತೆಗೆ ಅದು ನಿಧಾನವೇ. ನಮ್ಮ ನೆರೆಯ ದೊಡ್ಡ ಗ್ಯಾಲಕ್ಸಿ ಆಂಡ್ರೊಮಿಡಾ ಇರುವುದು ಸುಮಾರು 25 ಲಕ್ಷ ಬೆಳಕಿನ ವರ್ಷ ದೂರದಲ್ಲಿ, ಅಂದರೆ ಬೆಳಕು ಅಲ್ಲಿಂದ ಇಲ್ಲಿಗೆ ಬರಲು 25 ಲಕ್ಷ ವರ್ಷ ಬೇಕು. ನವೆಂಬರ್ ರಾತ್ರಿಯಲ್ಲಿ ಬರಿಗಣ್ಣಿಗೆ ಮಸುಕಾದ ಚುಕ್ಕೆಯಾಗಿ ಕಾಣುವ ಆ ಬೆಳಕು ಹೊರಟಾಗ ಭೂಮಿಯ ಮೇಲೆ ನಮ್ಮಂಥ ಮನುಷ್ಯರೇ ಇರಲಿಲ್ಲ. ದೂರ ನೋಡಿದಷ್ಟೂ ಹಿಂದಿನ ಕಾಲ ಕಾಣುತ್ತದೆ. 800 ಕೋಟಿ ವರ್ಷ ಹಿಂದೆ ಹೊರಟ ಬೆಳಕಿನಲ್ಲಿ 800 ಕೋಟಿ ವರ್ಷ ಹಿಂದಿನ ಗ್ಯಾಲಕ್ಸಿಗಳೇ ಕಾಣಿಸುತ್ತವೆ. ಒಂದೇ ಗ್ಯಾಲಕ್ಸಿಯ ಬಾಲ್ಯ, ಯೌವನ, ಮುಪ್ಪು ಮೂರನ್ನೂ ನಾವು ನೋಡಲಾರೆವು. ಆದರೆ ಜಾತ್ರೆಗೆ ಹೋದರೆ ಹಸುಗೂಸಿನಿಂದ ಹಿಡಿದು ಮುದುಕರವರೆಗೆ ಎಲ್ಲ ವಯಸ್ಸಿನವರೂ ಸಿಗುತ್ತಾರೆ. ಒಂದೇ ದಿನ ಜಾತ್ರೆ ಸುತ್ತಿದವನಿಗೂ ಮನುಷ್ಯ ಹೇಗೆ ಬೆಳೆಯುತ್ತಾನೆ ಅಂತ ಗೊತ್ತಾಗಿಬಿಡುತ್ತದೆ. ಖಗೋಳ ವಿಜ್ಞಾನಿಗಳು ಮಾಡುವುದು ಅದನ್ನೇ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಆಂಡ್ರೊಮಿಡಾ ನಮ್ಮ ಆಕಾಶಗಂಗೆಯ ಆಚೆ ಇದೆ ಅನ್ನುವುದೇ ನೂರು ವರ್ಷದ ಹಿಂದೆ ಖಚಿತವಾಗಿರಲಿಲ್ಲ. 1920ರಲ್ಲಿ ಹಾರ್ಲೋ ಶಾಪ್ಲಿ ಮತ್ತು ಹೀಬರ್ ಕರ್ಟಿಸ್ ವಾಷಿಂಗ್ಟನ್‌ನಲ್ಲಿ ಇದೇ ವಿಷಯಕ್ಕೆ ಸಭೆಯಲ್ಲಿ ವಾದ ಮಾಡಿದರು. ಶಾಪ್ಲಿಯ ಪ್ರಕಾರ ಆ ಮಸುಕು ಸುರುಳಿಗಳೆಲ್ಲ ಆಕಾಶಗಂಗೆಗೇ ಸೇರಿದವು. ಕರ್ಟಿಸ್ ಪ್ರಕಾರ ಅವು ದೂರದ ಬೇರೆ ಗ್ಯಾಲಕ್ಸಿಗಳು. 1923ರ ಅಕ್ಟೋಬರ್‌ನಲ್ಲಿ ಎಡ್ವಿನ್ ಹಬಲ್ ಆಂಡ್ರೊಮಿಡಾದಲ್ಲಿ ಮಿಣುಕುವ ಒಂದು ನಕ್ಷತ್ರ ಕಂಡ. ಸೆಫೀಡ್ ಜಾತಿಯದು. ವಾದ ಅಲ್ಲಿಗೆ ಬಗೆಹರಿಯುವ ದಾರಿ ಸಿಕ್ಕಿತು. ಆದರೆ ಆ ನಕ್ಷತ್ರದಿಂದ ದೂರ ಅಳೆಯುವ ಸೂತ್ರ ಕೊಟ್ಟವಳು ಹೆನ್ರಿಯೆಟ್ಟಾ ಲೀವಿಟ್. ಹಾರ್ವರ್ಡ್ ವೀಕ್ಷಣಾಲಯದಲ್ಲಿ ಗಾಜಿನ ಫೋಟೋ ಫಲಕಗಳ ಮುಂದೆ ಕೂತು ನಕ್ಷತ್ರ ಎಣಿಸುತ್ತಿದ್ದವಳು. ನಿಧಾನವಾಗಿ ಮಿಣುಕುವ ಸೆಫೀಡ್‌ಗಳಿಗೆ ಪ್ರಕಾಶ ಜಾಸ್ತಿ ಅಂತ 1912ರಲ್ಲಿ ತೋರಿಸಿಕೊಟ್ಟಳು. ನಿಜವಾದ ಪ್ರಕಾಶ ಗೊತ್ತಾದರೆ, ನಮಗೆ ಎಷ್ಟು ಮಂಕಾಗಿ ಕಾಣುತ್ತದೆ ಅನ್ನುವುದರಿಂದ ದೂರದ ಲೆಕ್ಕ ಸಿಗುತ್ತದೆ. ಹಬಲ್‌ನ ಹೆಸರು ಎಲ್ಲರಿಗೂ ಗೊತ್ತು. ಅವಳ ಹೆಸರನ್ನು ನೀವು ಮನೆಗೆ ಹೋಗಿ ಮಕ್ಕಳಿಗೆ ಹೇಳಬೇಕು ಅಂತ ನನ್ನ ಆಸೆ.

ಈಗ ಮೊದಲಿಗೆ ಬರೋಣ. ಎಲ್ಲ ಶುರುವಾಗಿದ್ದು 1380 ಕೋಟಿ ವರ್ಷದ ಹಿಂದೆ. ಆ ಶುರುವಿಗೆ ಬಿಗ್ ಬ್ಯಾಂಗ್ ಅನ್ನುತ್ತೇವೆ. ಅದಾಗಿ 3.8 ಲಕ್ಷ ವರ್ಷ ಕಳೆದಾಗಿನ ಬೆಳಕು ಇವತ್ತಿಗೂ ಎಲ್ಲ ದಿಕ್ಕಿನಿಂದ ನಮ್ಮನ್ನು ಮುಟ್ಟುತ್ತಿದೆ. ಅದನ್ನು ಅಳೆದಾಗ ಆಗಿನ ವಿಶ್ವದಲ್ಲಿ ವಸ್ತು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ ಸಮ ಹರಡಿತ್ತು ಅಂತ ಗೊತ್ತಾಯಿತು. ಏರುಪೇರು ಇದ್ದದ್ದು ಲಕ್ಷಕ್ಕೆ ಒಂದು ಪಾಲು. 1992ರಲ್ಲಿ ಕೋಬ್ ಉಪಗ್ರಹ ಆ ಏರುಪೇರನ್ನು ಮೊದಲ ಸಲ ತೋರಿಸಿತು. ಅಂಗಳದಷ್ಟು ಸಮನಾದ ನೆಲದಲ್ಲಿ ಕೂದಲೆಳೆಯಷ್ಟು ತಗ್ಗು. ಇವತ್ತಿನ ಗ್ಯಾಲಕ್ಸಿಗಳೆಲ್ಲ ಹುಟ್ಟಿದ್ದು ಅಂಥ ತಗ್ಗುಗಳಿಂದ. ಸ್ವಲ್ಪ ಜಾಸ್ತಿ ವಸ್ತು ಇರುವ ಕಡೆ ಗುರುತ್ವ ಸ್ವಲ್ಪ ಜಾಸ್ತಿ. ಅದು ಇನ್ನಷ್ಟು ವಸ್ತುವನ್ನು ಎಳೆಯುತ್ತದೆ. ಎಳೆದಷ್ಟೂ ಗುರುತ್ವ ಬೆಳೆಯುತ್ತದೆ.

ಆದರೆ ನಮ್ಮ ನಿಮ್ಮಂಥ ಸಾಧಾರಣ ವಸ್ತು ಒಂದರಿಂದಲೇ ಈ ಕೆಲಸ ಇಷ್ಟು ಬೇಗ ಆಗುತ್ತಿರಲಿಲ್ಲ. ಇನ್ನೊಂದು ವಸ್ತು ಇದೆ. ಬೆಳಕು ಕೊಡುವುದಿಲ್ಲ, ಬೆಳಕನ್ನು ತಡೆಯುವುದೂ ಇಲ್ಲ, ತೂಕ ಮಾತ್ರ ಇದೆ. ಕಪ್ಪುವಸ್ತು ಅಂತ ಕರೆಯುತ್ತೇವೆ. ಸಾಧಾರಣ ವಸ್ತುವಿನ ಐದು ಪಟ್ಟಿಗಿಂತ ಜಾಸ್ತಿ ಇದೆ. 1933ರಲ್ಲಿ ಫ್ರಿಟ್ಜ್ ಜ್ವಿಕಿ ಗ್ಯಾಲಕ್ಸಿಗಳ ಗುಂಪೊಂದರಲ್ಲಿ ಇದರ ಸುಳಿವು ಕಂಡ. 1970ರಲ್ಲಿ ವೀರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೊಮಿಡಾದ ಸುತ್ತುವ ವೇಗ ಅಳೆದರು. ಅಂಚಿನ ಕಡೆ ಹೋದ ಹಾಗೆ ವೇಗ ಇಳಿಯಬೇಕಿತ್ತು. ಇಳಿಯಲಿಲ್ಲ. ಕಣ್ಣಿಗೆ ಕಾಣದ ಏನೋ ಹಿಡಿದಿಟ್ಟಿರಬೇಕು, ಇಲ್ಲದಿದ್ದರೆ ಅಂಚಿನ ನಕ್ಷತ್ರಗಳು ಚದುರಿ ಹೋಗುತ್ತಿದ್ದವು. ಕಪ್ಪುವಸ್ತು ಯಾವ ಕಣದಿಂದ ಆಗಿದೆ ಅನ್ನುವುದು ಇನ್ನೂ ಪತ್ತೆಯಾಗಿಲ್ಲ. ಅದು ಮಾಡುವ ಕೆಲಸ ಮಾತ್ರ ಸ್ಪಷ್ಟ. ಮೊದಲು ಅದು ಕುಸಿದು ಗುಂಡಿಗಳನ್ನು ಮಾಡಿತು. ಆಮೇಲೆ ಅನಿಲ ಹರಿದು ಬಂದು ಆ ಗುಂಡಿಗಳಲ್ಲಿ ನಿಂತಿತು. ಕೆರೆ ಕಟ್ಟುವಾಗಲೂ ಹಾಗೇ ಅಲ್ವಾ? ಪಾತ್ರ ಮೊದಲು, ನೀರು ಆಮೇಲೆ.

ಹಾಗಾದರೆ ಇವತ್ತು ನಕ್ಷತ್ರಗಳೆಲ್ಲ ಮಧ್ಯದಲ್ಲಿ ಒತ್ತಾಗಿ ಸೇರಿ, ಕಪ್ಪುವಸ್ತು ಮಾತ್ರ ಸುತ್ತ ವಿಶಾಲವಾಗಿ ಹರಡಿರುವುದು ಯಾಕೆ? ಅನಿಲಕ್ಕೆ ತಣ್ಣಗಾಗುವುದು ಗೊತ್ತು. ಗುಂಡಿಗೆ ಬೀಳುವಾಗ ಅನಿಲ ಒಂದಕ್ಕೊಂದು ಢಿಕ್ಕಿ ಹೊಡೆದು ಬಿಸಿಯಾಗುತ್ತದೆ. ಆ ಬಿಸಿಯನ್ನು ಬೆಳಕಾಗಿ ಹೊರಗೆ ಚೆಲ್ಲಿ ತಣ್ಣಗಾಗುತ್ತದೆ, ಇನ್ನೂ ಒಳಗೆ ಇಳಿಯುತ್ತದೆ. ಕಪ್ಪುವಸ್ತುವಿಗೆ ಬೆಳಕು ಚೆಲ್ಲಲು ಬರುವುದಿಲ್ಲ. ಅದು ಇದ್ದ ಶಕ್ತಿಯನ್ನು ಇಟ್ಟುಕೊಂಡೇ ಸುತ್ತುತ್ತಿರುತ್ತದೆ. ಇನ್ನು ಆಕಾಶಗಂಗೆಯಂಥ ಗ್ಯಾಲಕ್ಸಿಗಳಿಗೆ ತಟ್ಟೆಯ ಆಕಾರ ಯಾಕೆ ಅನ್ನುವುದು. ಒಳಗೆ ಬಿದ್ದ ಅನಿಲದಲ್ಲಿ ಕೆಲವು ಮೋಡ ಮೇಲಕ್ಕೆ, ಕೆಲವು ಕೆಳಕ್ಕೆ ಓಡುತ್ತವೆ. ಅವು ಎದುರಾಬದುರಾ ಬಂದು ಗುದ್ದಿ ವೇಗ ಕಳೆದುಕೊಳ್ಳುತ್ತವೆ. ಆದರೆ ಒಟ್ಟು ಅನಿಲಕ್ಕೆ ಮೊದಲಿನಿಂದಲೂ ಒಂದು ದಿಕ್ಕಿನ ಸುತ್ತು ಇರುತ್ತದೆ. ಅದನ್ನು ಕಳೆಯಲು ಎದುರು ಯಾರೂ ಇಲ್ಲ. ಹಾಗಾಗಿ ಮೇಲೆ ಕೆಳಗಿನ ಓಡಾಟ ನಿಂತು, ಸುತ್ತು ಮಾತ್ರ ಉಳಿದು, ಅನಿಲ ತೆಳ್ಳಗೆ ದೋಸೆಯ ಹಾಗೆ ಹರಡುತ್ತದೆ. ನಮ್ಮ ಆಕಾಶಗಂಗೆಯ ಬಿಲ್ಲೆ ಸುಮಾರು 1 ಲಕ್ಷ ಬೆಳಕಿನ ವರ್ಷ ಅಗಲ. ನಾವು ಅದರ ನಡುವಿನಿಂದ ಸುಮಾರು 26,000 ಬೆಳಕಿನ ವರ್ಷ ದೂರದಲ್ಲಿದ್ದೇವೆ.

ಮೊದಲ ಗ್ಯಾಲಕ್ಸಿಗಳು ಯಾವಾಗ ಬೆಳಗಿದವು? ಈ ಪ್ರಶ್ನೆಗೆ ಉತ್ತರ ನಮ್ಮ ಕಣ್ಣೆದುರೇ ಬದಲಾಗುತ್ತಿದೆ. ಜೇಮ್ಸ್ ವೆಬ್ ದೂರದರ್ಶಕ 2021ರ ಕ್ರಿಸ್‌ಮಸ್ ದಿನ ಮೇಲೆ ಹೋಯಿತು. 2024ರಲ್ಲಿ ಅದು ತೋರಿಸಿದ ಒಂದು ಗ್ಯಾಲಕ್ಸಿ ಬಿಗ್ ಬ್ಯಾಂಗ್ ಆಗಿ ಸುಮಾರು 30 ಕೋಟಿ ವರ್ಷಕ್ಕೇ ಬೆಳಗುತ್ತಿತ್ತು. ಮರುವರ್ಷ ಚಿಲಿಯ ಆಲ್ಮಾ ರೇಡಿಯೋ ದೂರದರ್ಶಕಗಳು ಅದರಲ್ಲಿ ಆಮ್ಲಜನಕ ಇರುವುದನ್ನು ಕಂಡವು. ನನಗೆ ಆ ಸುದ್ದಿ ಓದಿ ರಾತ್ರಿ ನಿದ್ದೆ ಬರಲಿಲ್ಲ. ಬಿಗ್ ಬ್ಯಾಂಗ್‌ನಲ್ಲಿ ಆಮ್ಲಜನಕ ಹುಟ್ಟಲಿಲ್ಲ. ಅದು ತಯಾರಾಗುವುದು ನಕ್ಷತ್ರದ ಒಳಗೆ. ಅಂದರೆ ಅಷ್ಟರಲ್ಲೇ ಅಲ್ಲಿ ದೊಡ್ಡ ನಕ್ಷತ್ರಗಳು ಹುಟ್ಟಿ, ಉರಿದು, ಸಿಡಿದು ಮುಗಿದಿದ್ದವು.

ಆಗಿನ ವಿಶ್ವದಲ್ಲಿ ಮಂಜು ಕವಿದಿತ್ತು, ಹೈಡ್ರೋಜನ್ ಮಂಜು. ಎಳೆಯ ಗ್ಯಾಲಕ್ಸಿಗಳ ಅತಿನೇರಳೆ ಬೆಳಕು ಅದನ್ನು ನಿಧಾನವಾಗಿ ಕರಗಿಸಿತು. ಸುಮಾರು 100 ಕೋಟಿ ವರ್ಷ ಹಿಡಿಯಿತು. ಇಂಥ ಬೆಳಕು ಗ್ಯಾಲಕ್ಸಿಯಿಂದ ಹೇಗೆ ತಪ್ಪಿಸಿಕೊಂಡು ಹೊರಗೆ ಬರುತ್ತದೆ ಅನ್ನುವುದು ಕಷ್ಟದ ಪ್ರಶ್ನೆ. ಅದಕ್ಕೆ ಒಂದು ಸುಳಿವು ಕೊಟ್ಟಿದ್ದು ನಮ್ಮ ದೇಶದ ಆಸ್ಟ್ರೋಸ್ಯಾಟ್ ಉಪಗ್ರಹ. ಅದರ ಅತಿನೇರಳೆ ದೂರದರ್ಶಕವನ್ನು ಜೋಡಿಸಿದ್ದು ಇಲ್ಲೇ ಹೊಸಕೋಟೆಯಲ್ಲಿ, ಭಾರತೀಯ ಖಭೌತ ಸಂಸ್ಥೆಯ ಪ್ರಯೋಗಾಲಯದಲ್ಲಿ. ಅದರ ಎರಡೂ ಕನ್ನಡಿಗಳ ಅಗಲ ಒಂದು ಮೊಳಕ್ಕಿಂತ ಕಡಿಮೆ. ಅಷ್ಟು ಚಿಕ್ಕ ಕನ್ನಡಿಯಲ್ಲಿ 930 ಕೋಟಿ ಬೆಳಕಿನ ವರ್ಷ ದೂರದ ಗ್ಯಾಲಕ್ಸಿಯೊಂದರಿಂದ ಸೋರಿದ ಆ ಬೆಳಕು ಸಿಕ್ಕಿತು. 2020ರಲ್ಲಿ ಅದು ಪ್ರಕಟವಾಯಿತು. ಹೊಸಕೋಟೆಯ ದಾರಿಯಲ್ಲಿ ಓಡಾಡುವಾಗ ಇದು ನೆನಪಿರಲಿ.

ಇನ್ನೊಂದು ಹೊಸ ಸುದ್ದಿಯೂ ನಮ್ಮದೇ. ಪುಣೆಯ ರಾಷ್ಟ್ರೀಯ ರೇಡಿಯೋ ಖಭೌತ ಕೇಂದ್ರದ ಇಬ್ಬರು ಸಂಶೋಧಕರು ವೆಬ್ ಚಿತ್ರಗಳಲ್ಲಿ ಒಂದು ಗ್ಯಾಲಕ್ಸಿ ಗುರುತಿಸಿ 2025ರಲ್ಲಿ ಪ್ರಕಟಿಸಿದರು. ಹೆಸರು ಅಲಕನಂದಾ. ಆಕಾಶಗಂಗೆಗೆ ಹಿಂದಿಯಲ್ಲಿ ಮಂದಾಕಿನಿ ಅನ್ನುತ್ತಾರೆ. ಹಿಮಾಲಯದಲ್ಲಿ ಅಲಕನಂದಾ, ಮಂದಾಕಿನಿ ಜೊತೆ ನದಿಗಳು. ಅದಕ್ಕೇ ಆ ಹೆಸರು. ಬಿಗ್ ಬ್ಯಾಂಗ್ ಆಗಿ ಬರೀ 150 ಕೋಟಿ ವರ್ಷಕ್ಕೆ ಅದು ಎರಡು ಚೆಂದದ ಸುರುಳಿ ತೋಳುಗಳನ್ನು ಬಿಡಿಸಿಕೊಂಡು ನಿಂತಿತ್ತು. ಇಂಥ ಅಚ್ಚುಕಟ್ಟು ಸುರುಳಿ ಆ ಕಾಲಕ್ಕೆ ಸಿಗುವುದಿಲ್ಲ, ಆಗ ಎಲ್ಲ ಗಜಿಬಿಜಿ, ಆಕಾರ ಇಲ್ಲದ ಮುದ್ದೆಗಳು ಅಂತ ಬಹಳ ಜನ ಅಂದುಕೊಂಡಿದ್ದರು. ವರ್ಷಕ್ಕೆ ಸುಮಾರು 60 ಸೂರ್ಯರಷ್ಟು ಅನಿಲ ಅಲ್ಲಿ ನಕ್ಷತ್ರವಾಗುತ್ತಿತ್ತು. ನಮ್ಮ ಆಕಾಶಗಂಗೆಯಲ್ಲಿ ಈಗ ಆಗುವುದು ವರ್ಷಕ್ಕೆ ಒಂದೆರಡು ಸೂರ್ಯರಷ್ಟು.

ಈ ವ್ಯತ್ಯಾಸವೇ ಇವತ್ತಿನ ಮಾತಿನ ತಿರುಳು. ಇಡೀ ವಿಶ್ವದ ನಕ್ಷತ್ರ ಹುಟ್ಟಿನ ಲೆಕ್ಕ ತೆಗೆದರೆ, ಅದು ಮೊದಲು ಏರುತ್ತಾ ಹೋಗಿ ಸುಮಾರು 1000 ಕೋಟಿ ವರ್ಷದ ಹಿಂದೆ ತುದಿ ಮುಟ್ಟಿತು. ಇವತ್ತಿನ ಸುಮಾರು ಹತ್ತು ಪಟ್ಟು. ಆ ಕಾಲವನ್ನು ವಿಶ್ವದ ನಡುಮಧ್ಯಾಹ್ನ ಅನ್ನುತ್ತಾರೆ. ಆಮೇಲೆ ಇಳಿಮುಖ. ನಮ್ಮ ಸೂರ್ಯ ಹುಟ್ಟಿದ್ದು 460 ಕೋಟಿ ವರ್ಷದ ಹಿಂದೆ, ಅಂದರೆ ಹೊತ್ತು ಇಳಿದ ಮೇಲೆ.

ಯಾಕೆ ಇಳಿಯಿತು? ಇದಕ್ಕೆ ಅನಿಲ ಅಳೆಯದೆ ಉತ್ತರ ಇಲ್ಲ. ಪರಮಾಣು ಹೈಡ್ರೋಜನ್ 21 ಸೆಂಟಿಮೀಟರ್ ಉದ್ದದ ರೇಡಿಯೋ ಅಲೆ ಬಿಡುತ್ತದೆ. ಆದರೆ ಅದು ಎಷ್ಟು ಸಣ್ಣ ದನಿ ಅಂದರೆ 800 ಕೋಟಿ ವರ್ಷ ಹಿಂದಿನ ಒಂದೊಂದೇ ಗ್ಯಾಲಕ್ಸಿಯಿಂದ ಅದನ್ನು ಕೇಳುವುದು ಇವತ್ತಿನ ದೂರದರ್ಶಕಗಳಿಗೆ ಬಹಳ ಕಷ್ಟ. ಪುಣೆಯ ಹತ್ತಿರ ನಾರಾಯಣಗಾಂವ್ ಕಡೆ ಖೋಡದ್ ಅನ್ನುವ ಹಳ್ಳಿ ಇದೆ. ಅಲ್ಲಿ ಗೋವಿಂದ ಸ್ವರೂಪ್ ಅವರ ಮುಂದಾಳತ್ವದಲ್ಲಿ ಕಟ್ಟಿದ ಜಿಎಂಆರ್‌ಟಿ ಅನ್ನುವ ರೇಡಿಯೋ ದೂರದರ್ಶಕ ಇದೆ. 30 ಬುಟ್ಟಿಗಳು, ಒಂದೊಂದೂ 45 ಮೀಟರ್ ಅಗಲ, ತೆಳು ತಂತಿಯ ಬಲೆ ಬಿಗಿದದ್ದು. 2020ರಲ್ಲಿ ಅಲ್ಲಿನ ತಂಡ ಒಂದು ಜಾಣತನದ ಕೆಲಸ ಮಾಡಿತು. 7,653 ಗ್ಯಾಲಕ್ಸಿಗಳ ಸಂಕೇತಗಳನ್ನು ಒಂದರ ಮೇಲೊಂದು ಕೂಡಿಸಿತು. ಒಬ್ಬ ಪಿಸುಗುಟ್ಟಿದರೆ ಸಂತೆಯ ಗದ್ದಲದಲ್ಲಿ ಕೇಳಿಸದು. ಏಳು ಸಾವಿರ ಜನ ಒಂದೇ ಮಾತನ್ನು ಪಿಸುಗುಟ್ಟಿದರೆ ಕೇಳಿಸುತ್ತದೆ. ಹಾಗೆ ಮೊದಲ ಸಲ 800 ಕೋಟಿ ವರ್ಷ ಹಿಂದಿನ ಗ್ಯಾಲಕ್ಸಿಗಳ ಕೆರೆಮಟ್ಟ ಗೊತ್ತಾಯಿತು.

ಮಟ್ಟ ಚೆನ್ನಾಗಿಯೇ ಇತ್ತು. ಖರ್ಚು ಮಾತ್ರ ಭಯಂಕರ. ಹೊಸ ಅನಿಲ ಬಾರದಿದ್ದರೆ ಇದ್ದದ್ದೆಲ್ಲ 100ರಿಂದ 200 ಕೋಟಿ ವರ್ಷದಲ್ಲಿ ಖಾಲಿ. ಅಂದರೆ ಅಷ್ಟು ಜೋರಾಗಿ ನಕ್ಷತ್ರ ಹುಟ್ಟಬೇಕಾದರೆ ಒಳಹರಿವು ಸತತವಾಗಿ ಇರಲೇಬೇಕಿತ್ತು. ಆಮೇಲೆ ಹುಟ್ಟು ಇಳಿದಿದೆ ಅಂದರೆ, ಹೊರಗಿನಿಂದ ಬರುವ ಅನಿಲ ಖರ್ಚಿಗೆ ಸಾಲದಾಯಿತು ಅಂತ ಆ ತಂಡ ಹೇಳಿತು. ನನಗೆ ಇದು ಬಹಳ ದೊಡ್ಡ ಮಾತು ಅನ್ನಿಸುತ್ತದೆ. ಗ್ಯಾಲಕ್ಸಿ ಅನ್ನುವುದು ಒಮ್ಮೆ ತುಂಬಿಸಿ ಮುಚ್ಚಿಟ್ಟ ಹಂಡೆಯಲ್ಲ. ಹಳ್ಳ ತುಂಬಿ ಹರಿಯುವ ತನಕವೇ ಕೆರೆಗೆ ಜೀವ.

ಹಿಂದಿನ ಸಾಲಿನಿಂದ ಒಬ್ಬರು ಕೇಳುತ್ತಿದ್ದಾರೆ, ಖರ್ಚಾದ ಅನಿಲ ಎಲ್ಲಿ ಹೋಗುತ್ತದೆ ಅಂತ. ಒಳ್ಳೆ ಪ್ರಶ್ನೆ. ಮೂರು ಕಡೆ ಹೋಗುತ್ತದೆ. ಒಂದಷ್ಟು ಹೂಳಾಗುತ್ತದೆ. ಸೂರ್ಯನ ಹತ್ತನೇ ಒಂದು ಪಾಲಿನ ಪುಟ್ಟ ಕೆಂಪು ನಕ್ಷತ್ರಗಳು ಲಕ್ಷಾಂತರ ಕೋಟಿ ವರ್ಷ ಉರಿಯುತ್ತವೆ. ಅದರಲ್ಲಿ ಸೇರಿದ ಅನಿಲ ಸದ್ಯಕ್ಕೆ ವಾಪಸ್ ಬರುವುದಿಲ್ಲ. ಕೆರೆಯ ತಳದಲ್ಲಿ ಹೂಳು ಕೂತ ಹಾಗೆ. ಇನ್ನಷ್ಟು ವಾಪಸ್ ಬರುತ್ತದೆ. ದೊಡ್ಡ ನಕ್ಷತ್ರ ಸಾಯುವಾಗ ಆಮ್ಲಜನಕ, ಕಬ್ಬಿಣ ಎಲ್ಲ ಬೆರೆತ ಅನಿಲವನ್ನು ಮತ್ತೆ ಕೆರೆಗೇ ಚೆಲ್ಲುತ್ತದೆ. ಮೂರನೆಯದು ಕೋಡಿ ಬಿದ್ದು ಹೋಗುತ್ತದೆ. ಒಂದೇ ಕಡೆ ಬಹಳ ನಕ್ಷತ್ರಗಳು ಸಿಡಿದರೆ ಅನಿಲವೇ ಗ್ಯಾಲಕ್ಸಿಯ ಹೊರಗೆ ಹಾರುತ್ತದೆ. ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿ 1.2 ಕೋಟಿ ಬೆಳಕಿನ ವರ್ಷ ದೂರದಲ್ಲಿ ಎಂ82 ಅಂತ ಒಂದು ಗ್ಯಾಲಕ್ಸಿ ಇದೆ. ಅದರ ಬಿಲ್ಲೆಯ ಮೇಲೆ ಕೆಳಗೆ ಕೆಂಪು ಹೊಗೆಯ ಹಾಗೆ ಅನಿಲ ಚಿಮ್ಮುತ್ತಿರುವುದು ಫೋಟೋದಲ್ಲಿ ಕಾಣುತ್ತದೆ. ಚಿಕ್ಕ ಗ್ಯಾಲಕ್ಸಿಗಳ ಗುಂಡಿ ಆಳವಿಲ್ಲ, ಹಾಗಾಗಿ ಅವು ಬೇಗ ಕೋಡಿ ಬೀಳುತ್ತವೆ. ವಿಶ್ವದ ಸಾಧಾರಣ ವಸ್ತುವಿನಲ್ಲಿ ಹತ್ತನೇ ಒಂದು ಪಾಲೂ ಇನ್ನೂ ನಕ್ಷತ್ರವಾಗಿಲ್ಲ ಅನ್ನುವುದಕ್ಕೆ ಇದೂ ಒಂದು ಕಾರಣ.

ದೊಡ್ಡವುಗಳ ಕಷ್ಟ ಬೇರೆ. ಕನ್ಯಾ ರಾಶಿಯ ಕಡೆ ಇರುವ ಎಂ87 ನೋಡಿ. 2019ರಲ್ಲಿ ಕಪ್ಪುಕುಳಿಯ, ಅಂದರೆ ಬೆಳಕೂ ತಪ್ಪಿಸಿಕೊಳ್ಳಲಾಗದ ಬ್ಲ್ಯಾಕ್ ಹೋಲ್‌ನ, ಮೊದಲ ಚಿತ್ರ ಬಂತಲ್ಲ, ಅದು ಇದರದೇ. ಆ ಕುಳಿಯ ತೂಕ ಸುಮಾರು 650 ಕೋಟಿ ಸೂರ್ಯರಷ್ಟು. ಎಂ87 ಸುತ್ತ ಅನಿಲಕ್ಕೆ ಬರ ಇಲ್ಲ. ಆದರೆ ಅದೆಲ್ಲ ಕೋಟಿಗಟ್ಟಲೆ ಡಿಗ್ರಿ ಬಿಸಿ. ತಣ್ಣಗಾಗಿ ಕೆಳಗೆ ಇಳಿಯಲು ಹೊರಟರೆ ಕಪ್ಪುಕುಳಿಯಿಂದ ಚಿಮ್ಮುವ ಧಾರೆ ಮತ್ತೆ ಕಾಯಿಸುತ್ತದೆ. ಮೋಡ ಇದೆ, ಮಳೆ ಇಲ್ಲ. ಹೊಸ ನೀಲಿ ನಕ್ಷತ್ರಗಳು ಹುಟ್ಟದೆ, ಹಳೆಯ ಕೆಂಪು ನಕ್ಷತ್ರಗಳೇ ಉಳಿದು, ಅದು ದೊಡ್ಡ ಕೆಂಪು ಮೊಟ್ಟೆಯ ಹಾಗೆ ಕಾಣುತ್ತದೆ.

ಇನ್ನು ಗ್ಯಾಲಕ್ಸಿಗಳು ಒಂದನ್ನೊಂದು ನುಂಗುವ ವಿಷಯ. ಇದನ್ನು ಬೇಗ ಹೇಳಿಬಿಡುತ್ತೇನೆ, ಯಾಕೆಂದರೆ ಇದರ ಬಗ್ಗೆ ಎಲ್ಲ ಕಡೆ ಓದಲು ಸಿಗುತ್ತದೆ. ಗಾಯಾ ಉಪಗ್ರಹ ಸುಮಾರು 200 ಕೋಟಿ ನಕ್ಷತ್ರಗಳ ಜಾಗ ಅಳೆದಿದೆ. 2018ರಲ್ಲಿ ಆ ಅಂಕಿಗಳಿಂದ ಗೊತ್ತಾಗಿದ್ದು, ಸುಮಾರು 1000 ಕೋಟಿ ವರ್ಷದ ಹಿಂದೆ ಒಂದು ಚಿಕ್ಕ ಗ್ಯಾಲಕ್ಸಿ ನಮ್ಮ ಆಕಾಶಗಂಗೆಗೆ ಬಂದು ಸೇರಿತು. ಅದರ ನಕ್ಷತ್ರಗಳು ಇವತ್ತಿಗೂ ಬೇರೆಯೇ ದಾರಿಯಲ್ಲಿ, ಉದ್ದುದ್ದ ಓಡಾಡುತ್ತಿವೆ. ಮದುವೆಯಾಗಿ ಬಂದು ಎಷ್ಟು ವರ್ಷವಾದರೂ ಮಾತಿನಲ್ಲಿ ತವರಿನ ಧಾಟಿ ಉಳಿದಿರುತ್ತದಲ್ಲ, ಹಾಗೆ.

ಆಂಡ್ರೊಮಿಡಾ ನಮ್ಮ ಕಡೆ ಸೆಕೆಂಡಿಗೆ ಸುಮಾರು 110 ಕಿಲೋಮೀಟರ್ ವೇಗದಲ್ಲಿ ಬರುತ್ತಿದೆ. 400-500 ಕೋಟಿ ವರ್ಷದಲ್ಲಿ ಢಿಕ್ಕಿ ಖಂಡಿತ ಅಂತ ನಾನೂ ಹಿಂದೆ ಹೇಳುತ್ತಿದ್ದೆ. 2025ರ ಹೊಸ ಲೆಕ್ಕ ಬೇರೆ ಹೇಳುತ್ತದೆ. ಪಕ್ಕದ ಚಿಕ್ಕ ಗ್ಯಾಲಕ್ಸಿಗಳ ಎಳೆತವನ್ನೂ ಸೇರಿಸಿದರೆ, ಮುಂದಿನ 1000 ಕೋಟಿ ವರ್ಷದಲ್ಲಿ ಢಿಕ್ಕಿಯಾಗುವ ಸಾಧ್ಯತೆ ಅರ್ಧಕ್ಕರ್ಧ. ಆದರೂ ನಕ್ಷತ್ರಕ್ಕೆ ನಕ್ಷತ್ರ ಬಡಿಯುತ್ತದೆ ಅಂತ ಹೆದರಬೇಡಿ. ಸೂರ್ಯ ಬೆಂಗಳೂರಿನಲ್ಲಿ ಇಟ್ಟ ಒಂದು ಸಾಸಿವೆ ಕಾಳು ಅಂದುಕೊಂಡರೆ, ಪಕ್ಕದ ನಕ್ಷತ್ರ ಚನ್ನಪಟ್ಟಣದಲ್ಲಿ ಇರುತ್ತದೆ. ಅಷ್ಟು ಖಾಲಿ. ಗುದ್ದಾಡುವುದು ಅನಿಲದ ಮೋಡಗಳು. ಆಗ ಒಮ್ಮೆಲೇ ರಾಶಿ ನಕ್ಷತ್ರಗಳು ಹುಟ್ಟಿ, ಕೆರೆ ಬೇಗ ಬತ್ತಿಹೋಗುತ್ತದೆ.

ಕೊನೆಗೆ ನಮ್ಮ ಕೆರೆಯ ಒಳಹರಿವಿನ ಬಗ್ಗೆ ಒಂದು ಮಾತು. 1963ರಲ್ಲಿ ಗೇಲ್ ಸ್ಮಿತ್ ಅನ್ನುವ ಖಗೋಳ ವಿದ್ಯಾರ್ಥಿನಿ ಆಕಾಶಗಂಗೆಯ ಬಿಲ್ಲೆಯ ಹೊರಗೆ ಒಂದು ದೊಡ್ಡ ಹೈಡ್ರೋಜನ್ ಮೋಡವನ್ನು ರೇಡಿಯೋ ಅಲೆಯಲ್ಲಿ ಕಂಡಳು. ಅದರಲ್ಲಿ ನಕ್ಷತ್ರಗಳು ಕಾಣುವುದಿಲ್ಲ, ಹಾಗಾಗಿ ಕಣ್ಣಿಗೆ ಬೀಳುವುದಿಲ್ಲ. ಇವತ್ತು ಅದಕ್ಕೆ ಸ್ಮಿತ್ ಮೋಡ ಅಂತಲೇ ಹೆಸರು. 2016ರಲ್ಲಿ ಹಬಲ್ ದೂರದರ್ಶಕ ಅದರಲ್ಲಿ ಗಂಧಕ ಎಷ್ಟಿದೆ ಅಂತ ಅಳೆಯಿತು. ನಮ್ಮ ಬಿಲ್ಲೆಯ ಅಂಚಿನಲ್ಲಿ ಎಷ್ಟಿದೆಯೋ ಅಷ್ಟೇ ಇತ್ತು. ಅಂದರೆ ಅದು ಹೊರಗಿನಿಂದ ಬಂದದ್ದಲ್ಲ. ಸುಮಾರು 7 ಕೋಟಿ ವರ್ಷದ ಹಿಂದೆ, ಭೂಮಿಯ ಮೇಲೆ ಇನ್ನೂ ಡೈನೋಸಾರ್‌ಗಳು ಓಡಾಡುತ್ತಿದ್ದಾಗ, ನಮ್ಮ ಆಕಾಶಗಂಗೆಯಿಂದಲೇ ಕೋಡಿ ಬಿದ್ದು ಹೋದದ್ದು. ಈಗ ಹಿಂದಿರುಗುತ್ತಿದೆ. ಇನ್ನು ಸುಮಾರು 3 ಕೋಟಿ ವರ್ಷಕ್ಕೆ ಅದು ಬಿಲ್ಲೆಯ ಮೇಲೆ ಬೀಳುತ್ತದೆ. 20 ಲಕ್ಷ ಸೂರ್ಯರನ್ನು ಮಾಡಲು ಸಾಕಾಗುವಷ್ಟು ಅನಿಲ ಅದರಲ್ಲಿದೆ.